ಔರಾದದಲ್ಲಿ ಕಾಣದ ಮಾರ್ಟೆನ್

ಕಳೆದ ಜ್ಯೇಷ್ಠ ಮಾಸದಲ್ಲಿ ನಮ್ಮ ಪತ್ರಿಕೆಯ ಮೂರನೆಯ ಪುಟದಲ್ಲಿ ‘ಗಡಿ ತಾಲೂಕಿನಲ್ಲಿ ಅಪೂರ್ವ ವನ್ಯಮೃಗದ ದರ್ಶನ’ ಎಂಬ ತಲೆಬರಹದಡಿ ಒಂದು ವರ್ತಮಾನವು ಪ್ರಕಟವಾದುದನ್ನು ವಾಚಕ ಮಹಾಶಯರು ಮರೆತಿರಲಾರರು. ಔರಾದ ತಾಲೂಕಿನ ಮಾವಿನ ತೋಪೊಂದರಲ್ಲಿ ನೀಲಗಿರಿ ಮಾರ್ಟೆನ್ ಎಂಬ ಮೃಗವು ಕಾಣಿಸಿಕೊಂಡಿತೆಂದೂ, ಪಶ್ಚಿಮ ಘಟ್ಟಗಳ ಹೊರಗೆ ಅದು ಕಂಡುದು ಇದೇ ಮೊದಲೆಂದೂ, ಅದು ಕ್ರೂರವಾದ ಮಾಂಸಾಹಾರಿಯಾದುದರಿಂದ ಮಕ್ಕಳೊಂದಿಗರು ಎಚ್ಚರದಿಂದಿರಬೇಕೆಂದೂ ಅದರಲ್ಲಿ ಬರೆದಿತ್ತು. ಆ ವರ್ತಮಾನವು ಮೊದಲಿನಿಂದ ಕೊನೆಯವರೆಗೆ ತಪ್ಪು. ಔರಾದದಲ್ಲಿ ಕಂಡುದು ಮಾರ್ಟೆನ್ ಅಲ್ಲ, ಮರಬೆಕ್ಕು. ಅದು ಅಪೂರ್ವವೂ ಅಲ್ಲ, ಮಕ್ಕಳಿಗೆ ಭಯಂಕರವೂ ಅಲ್ಲ. ಇಂತಹ ಪ್ರಮಾದಗಳನ್ನು ಪುಟದ ಮೂಲೆಯೊಂದರಲ್ಲಿ ಎರಡು ಸಾಲಿನ ತಿದ್ದುಪಡಿಯಿಂದ ಮುಗಿಸುವುದು ಪತ್ರಿಕೆಗಳ ವಾಡಿಕೆ. ನಾವೂ ಹಾಗೆಯೇ ಮುಗಿಸಬಹುದಾಗಿತ್ತು. ಆದರೆ ಈ ಪ್ರಮಾದದಿಂದ ಭಾಲ್ಕಿಯಲ್ಲಿ ಒಂದು ಜೀವವು ಹೋಗಿದೆ. ಆದುದರಿಂದ ಮೂರನೆಯ ಪುಟದ ತಪ್ಪನ್ನು ಈ ಪುಟದಲ್ಲಿಯೇ ಒಪ್ಪಿಕೊಳ್ಳುವುದು ನಮಗೆ ಉಚಿತವಾಗಿ ತೋರಿದೆ.

ತಪ್ಪು ನಡೆದ ಬಗೆಯನ್ನು ಮುಚ್ಚಿಡುವುದಿಲ್ಲ. ನಮ್ಮ ಔರಾದದ ಬಾತ್ಮೀದಾರರು ಸಂಜೆಗತ್ತಲೆಯಲ್ಲಿ ಮಾವಿನ ಕೊಂಬೆಯ ಮೇಲೆ ಕಂಡ ಪ್ರಾಣಿಯ ಚಿತ್ರವನ್ನು ತಮ್ಮ ಮೊಬೈಲಿನಲ್ಲಿ ತೆಗೆದರು. ಚಿತ್ರವೋ, ಹೊಗೆಯೊಳಗಿನ ಹೊಗೆಯಂತಿತ್ತು. ಅದನ್ನು ಊರಿನಲ್ಲಿ ಬೇಕರಿ ಇಟ್ಟಿರುವ ಮಲಯಾಳದ ಸಜ್ಜನರೊಬ್ಬರಿಗೆ ತೋರಿಸಲು, ಅವರು ತಮ್ಮ ನುಡಿಯಲ್ಲಿ ‘ಮರಪಟ್ಟಿ’ ಎಂದರು. ಅವರು ಹೇಳಿದುದು ಸರಿಯೇ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಮರಪಟ್ಟಿ ಎಂಬುದು ಮರಬೆಕ್ಕಿಗೆ ಅಲ್ಲಿ ಸಲ್ಲುವ ಹೆಸರು. ನಮ್ಮವರು ಅದನ್ನು ‘ಮರನಾಯಿ’ ಎಂದು ಕನ್ನಡಿಸಿಕೊಂಡರು. ಆದರೆ ಅದೇ ಮಲಯಾಳದಲ್ಲಿ ‘ಮರನಾಯ’ ಎಂಬ ಬೇರೆ ಮಾತೊಂದಿದೆ. ಅದು ಮಾರ್ಟೆನಿಗೆ ಸಲ್ಲುತ್ತದೆ. ಮರನಾಯಿ ಎಂಬ ಪದವನ್ನು ಮೊಬೈಲಿನಲ್ಲಿ ಹುಡುಕಲು ಮಾರ್ಟೆನಿನ ಚೆಲುವಾದ ಚಿತ್ರಗಳು ಬಂದವು. ಬಾತ್ಮೀದಾರರ ಉತ್ಸಾಹವು ಬೀದರಕ್ಕೆ ಮುಟ್ಟಿತು. ಬೀದರದ ಕಚೇರಿಯಲ್ಲಿ ರಾತ್ರಿ ಹತ್ತು ಗಂಟೆಗೆ ಪುಟ ತುಂಬಿಸುವ ಆತುರದಲ್ಲಿದ್ದ ನಾವು ಪ್ರಶ್ನೆ ಕೇಳದೆ ಅದನ್ನು ಅಚ್ಚಿಗೆ ಕೊಟ್ಟೆವು. ‘ಮಕ್ಕಳೊಂದಿಗರು ಎಚ್ಚರದಿಂದಿರಬೇಕು’ ಎಂಬ ಮಾತು ಬಾತ್ಮೀದಾರರದಲ್ಲ, ನಮ್ಮ ಲೇಖನಿಯದು.

ವರ್ತಮಾನವು ಪ್ರಕಟವಾದ ನಾಲ್ಕನೆಯ ದಿನ ಭಾಲ್ಕಿಯ ಶಾಲಾ ಉಪಾಧ್ಯಾಯರೊಬ್ಬರಿಂದ ಪತ್ರವು ಬಂದಿತು. ಅದು ಮರಬೆಕ್ಕೆಂಬುದನ್ನು ಅವರು ಮೂರು ಕಾರಣಗಳಿಂದ ತೋರಿಸಿದ್ದರು. ಕೊನೆಗೆ, ನಮ್ಮ ಪತ್ರಿಕೆಯನ್ನು ಓದಿದ ತಮ್ಮ ಓಣಿಯ ಹುಡುಗರು ಹಿಂದಿನ ರಾತ್ರಿ ಒಂದು ಮರಬೆಕ್ಕನ್ನು ಕೋಲುಗಳಿಂದ ಹೊಡೆದು ಕೊಂದರೆಂದು ಒಂದೇ ಸಾಲಿನಲ್ಲಿ ಬರೆದಿದ್ದರು. ನಾವು ಭಾಲ್ಕಿಗೆ ಹೋದೆವು. ಪ್ರಾಣಿಯು ಇದ್ದುದು ಹಳೆಯ ವಾಡೆಯೊಂದರ ಅಟ್ಟದಲ್ಲಿ. ಮನೆಯ ವೃದ್ಧೆಯು ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ‘ಯಪ್ಪಾ, ಅದೇನು ಹೊಸದಲ್ಲ. ನಾ ಲಗ್ನ ಆಗಿ ಈ ಮನಿಗಿ ಬಂದಾಗಿಂದ ಅಟ್ಟದ ಮ್ಯಾಗ ಅವು ಇದ್ದೇ ಅವ. ಒಂದು ಸಲನೂ ಯಾರಿಗೂ ಕಚ್ಚಿಲ್ಲ. ನಿಮ್ಮ ಪೇಪರ್ ಓದಿ ಹೊಡದರು’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪತ್ರಿಕೆಯವರು ಬಂದಿರುವರೆಂದು ಒಳಗಿನಿಂದ ಚಹ ತರಿಸಿದಳು. ಆ ಚಹವು ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಮೊದಲು ಆ ಮರಬೆಕ್ಕಿನ ಋಣವನ್ನಷ್ಟು ತೀರಿಸುತ್ತೇವೆ. ಮರಬೆಕ್ಕು ಹೆಸರಿಗೆ ಮಾತ್ರ ಬೆಕ್ಕು. ಅದು ಪುನುಗು ಬೆಕ್ಕಿನ ಕುಲದ್ದು. ಮರಾಠಿ ಬಲ್ಲವರು ಇದನ್ನು ಉದಮಾಂಜರ ಎನ್ನುತ್ತಾರೆ. ಒರಟಾದ ಬೂದು ಮೈ, ಬೆನ್ನಿನ ಮೇಲೆ ಕಪ್ಪು ಗೆರೆಗಳು ಅಥವಾ ಚುಕ್ಕೆಗಳ ಸಾಲು, ಮುಖದ ಮೇಲೆ ಮುಸುಕು ಹಾಕಿದಂತೆ ಕಪ್ಪುಬಿಳುಪು, ಉದ್ದವಾದ ಬಾಲ. ಹಗಲೆಲ್ಲ ಮರದ ಪೊಟರೆಯಲ್ಲಿಯೋ ಮನೆಯ ಅಟ್ಟದಲ್ಲಿಯೋ ಮಲಗಿದ್ದು ರಾತ್ರಿ ಹೊರಡುತ್ತದೆ. ಹಣ್ಣೆಂದರೆ ಅದಕ್ಕೆ ಪ್ರಾಣ. ಮಾವು, ಚಿಕ್ಕು, ಆಲದ ಹಣ್ಣು, ಎಲ್ಲವೂ ಆದೀತು. ಈಚಲು ಮರಕ್ಕೆ ಕಟ್ಟಿದ ಸೇಂದಿಯ ಮಡಕೆಗೆ ಬಾಯಿ ಹಾಕುವ ಚಟವೂ ಉಂಟು. ಇಲಿ ಹೆಗ್ಗಣಗಳನ್ನೂ ತಿನ್ನುವುದರಿಂದ ಊರಿಗೆ ಅದರಿಂದ ಉಪಕಾರವೇ ಹೆಚ್ಚು. ನುಂಗಿದ ಬೀಜಗಳನ್ನು ಮೈಲಿಯಾಚೆ ಉದುರಿಸಿ ಗಿಡ ಹುಟ್ಟಿಸುತ್ತದೆ. ಹಿಂದೂಸ್ಥಾನದ ಬಹುಭಾಗದಲ್ಲಿ, ಅಲ್ಲಿಂದ ಮೂಡಣಕ್ಕೆ ಜಾವಾ ಬೋರ್ನಿಯೊಗಳವರೆಗೂ, ಇದರ ವಾಸ. ಬೀದರದ ಹಳೆಯ ಮನೆಗಳಲ್ಲಿ ರಾತ್ರಿ ಅಟ್ಟದ ಮೇಲೆ ಸದ್ದಾದರೆ ದೆವ್ವವೆಂದು ಹೇಳುವುದುಂಟಷ್ಟೆ. ಆ ದೆವ್ವಗಳಲ್ಲಿ ಅರ್ಧಕ್ಕರ್ಧ ಮರಬೆಕ್ಕುಗಳೇ ಇರಬೇಕೆಂದು ನಮಗೆ ಈಗ ಅನಿಸುತ್ತಿದೆ. ಇದನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವೆಂಬುದನ್ನೂ ಅಂದಿನ ವರ್ತಮಾನದಲ್ಲಿ ನಾವು ಬರೆಯಬೇಕಾಗಿತ್ತು.

ಇನ್ನು ಮಾರ್ಟೆನ್. ಹೆಸರನ್ನು ಅಚ್ಚು ಹಾಕಿದ ಮೇಲೆ ಅದು ಏನೆಂದು ತಿಳಿಯಲು ಹೊರಟ ನಮಗೆ ಬಹಳ ಕಾಲ ಹಿಡಿಯಿತು. ತಿಳಿದ ಮೇಲೆ, ಇದನ್ನು ಅರಿಯದೆ ಐವತ್ತು ವರ್ಷ ಕಳೆದೆವಲ್ಲ ಎಂದೆನಿಸಿತು.

ಮಾರ್ಟೆನ್ ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ಅದು ನೀರುನಾಯಿಯ ದಾಯಾದಿ. ತುಂಗಭದ್ರೆಯ ಬಂಡೆಗಳ ನಡುವೆ ಮೀನು ಹಿಡಿಯುವ ನೀರುನಾಯಿಗೆಂದು ೨೦೧೫ರಲ್ಲಿ ನಮ್ಮ ಸರ್ಕಾರವು ಬಳ್ಳಾರಿ ಕೊಪ್ಪಳಗಳ ಮೇರೆಯಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನು ಗೊತ್ತುಮಾಡಿತು. ಅದೇ ಕುಲದ ಮತ್ತೊಂದು ಪ್ರಾಣಿ ತರಕರಡಿ. ಗಿಡ್ಡ ಕಾಲಿನ, ಬೆನ್ನು ಬಿಳುಪಾದ, ನೆಲ ಬಗೆಯುವ ಗಟ್ಟಿಗ. ನೀರುನಾಯಿಯು ನೀರನ್ನೂ ತರಕರಡಿಯು ನೆಲವನ್ನೂ ಹಿಡಿದರೆ ಮಾರ್ಟೆನ್ ಮರವನ್ನು ಹಿಡಿಯಿತು. ಈ ಕುಲದವಕ್ಕೆಲ್ಲ ಉದ್ದ ಮೈ, ಕಾಲಿಗೆ ಐದೈದು ಬೆರಳು, ಬಾಲದ ಬುಡದಲ್ಲಿ ನಾರುವ ಗ್ರಂಥಿ, ತಮ್ಮ ಗಾತ್ರಕ್ಕೆ ಮೀರಿದ ಎದೆಗಾರಿಕೆ.

ಭರತಖಂಡದಲ್ಲಿ ಮಾರ್ಟೆನಿನ ಮೂರು ಜಾತಿಗಳಿವೆ. ಎರಡು ಉತ್ತರದವು. ಒಂದು ಹಿಮಾಲಯದ ಬೋಳು ಬಂಡೆಗಳ ಎತ್ತರದಲ್ಲಿರುವುದು, ಮತ್ತೊಂದು ಹಳದಿಗೊರಳಿನದು. ಈ ಎರಡನೆಯದು ಹಿಮಾಲಯದ ಕಾಡುಗಳಿಂದ ಚೀನ, ಕೊರಿಯಾ, ರಷ್ಯದ ಮೂಡಣ ಕೊನೆ, ತೆಂಕಣದಲ್ಲಿ ಜಾವಾದವರೆಗೆ ಹರಡಿದೆ. ಜೇನಿನ ಮೇಲಣ ಆಸೆಯಿಂದ ಇಂಗ್ಲಿಷರು ಇದನ್ನು ಜೇನುನಾಯಿ ಎಂದೂ ಕರೆದರು. ಮೂರನೆಯದೇ ನಮ್ಮ ನೀಲಗಿರಿ ಮಾರ್ಟೆನ್. ಹಿಮಾಲಯಕ್ಕೂ ಪಶ್ಚಿಮ ಘಟ್ಟಗಳಿಗೂ ನಡುವೆ ಗಂಗೆಯ ಬಯಲು, ವಿಂಧ್ಯ, ನಮ್ಮ ಈ ದಖ್ಖನಿನ ಒಣ ಪ್ರಸ್ಥಭೂಮಿ, ಇವೆಲ್ಲ ಬಿದ್ದಿವೆ. ಇಲ್ಲೆಲ್ಲಿಯೂ ಮಾರ್ಟೆನ್ ಇಲ್ಲ. ಎರಡು ದಾಯಾದಿಗಳ ನಡುವೆ ಸಾವಿರಾರು ಕಿಲೋಮೀಟರುಗಳ ಬರಿದಾದ ಅಂತರ. ಹೀಗೆ ಒಬ್ಬಂಟಿಯಾಗಿ ತೆಂಕಣದಲ್ಲಿ ನಿಂತ ಈ ಜಾತಿಯು ಪಶ್ಚಿಮ ಘಟ್ಟಗಳಲ್ಲಿ ಹೊರತು ಭೂಮಂಡಲದ ಮತ್ತಾವ ಎಡೆಯಲ್ಲಿಯೂ ದೊರೆಯುವುದಿಲ್ಲ.

ಹೆಸರಿನಲ್ಲಿ ನೀಲಗಿರಿ ಇದ್ದರೂ ಅದರ ನೆಲೆ ನೀಲಗಿರಿಗೆ ಸೀಮಿತವಲ್ಲ. ತೆಂಕಣದಲ್ಲಿ ತಿರುವನಂತಪುರದ ಹಿಂದಣ ಬೆಟ್ಟಗಳಿಂದ ಪೆರಿಯಾರ್, ಎರವಿಕುಳಂ, ಸೈಲೆಂಟ್ ವ್ಯಾಲಿ, ಮುಕುರ್ತಿಗಳ ಮೇಲೆ ಹಾದು ಕೊಡಗಿನ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಗಳವರೆಗೂ, ಚಾರ್ಮಾಡಿಯ ಕಾಡಿನವರೆಗೂ ಇದನ್ನು ಕಂಡ ದಾಖಲೆಗಳುಂಟು. ಕನ್ನಡನಾಡಿನಲ್ಲಿ ಇದು ಮುಖ್ಯವಾಗಿ ಕೊಡಗಿನ ಪ್ರಾಣಿಯೆಂದರೆ ತಪ್ಪಾಗಲಾರದು. ಬೀದರಕ್ಕೂ ಕೊಡಗಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ನಿಜಾಮ ಸಂಸ್ಥಾನದಲ್ಲಿದ್ದ ಬೀದರ, ಭಾಲ್ಕಿ, ಔರಾದಗಳೂ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗೂ ಒಂದೇ ದಿನ, ೧೯೫೬ನೆಯ ನವೆಂಬರ್ ೧ರಂದು, ಒಂದೇ ರಾಜ್ಯದೊಳಕ್ಕೆ ಬಂದವು. ನಾಡು ಒಂದಾದರೂ ಮಳೆ ಒಂದಾಗಲಿಲ್ಲವಷ್ಟೆ. ಬೀದರದ ಜಂಬಿಟ್ಟಿಗೆಯ ದಿಬ್ಬಕ್ಕೆ ವರ್ಷಕ್ಕೆ ಎಂಟುನೂರು ಒಂಬೈನೂರು ಮಿಲಿಮೀಟರು ಮಳೆಯಾದರೆ ಅದೇ ಸುಭಿಕ್ಷ. ತಲಕಾವೇರಿಯ ಬುಡದ ಭಾಗಮಂಡಲದಲ್ಲಿ ಐದು ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುತ್ತದೆ. ಅಲ್ಲಿಯ ಮರಗಳು ವರ್ಷವಿಡೀ ಎಲೆ ಕಳೆಯುವುದಿಲ್ಲ. ಒಂದರ ಕೊಂಬೆಯು ಇನ್ನೊಂದರೊಳಗೆ ಹೆಣೆದುಕೊಂಡು ಆಕಾಶದಲ್ಲಿ ಎರಡನೆಯ ನೆಲವೊಂದು ಉಂಟಾಗಿರುತ್ತದೆ. ಮಾರ್ಟೆನ್ ಓಡಾಡುವುದು ಆ ನೆಲದ ಮೇಲೆ. ನಮ್ಮ ಔರಾದದ ತೋಪಿನಲ್ಲಿ ಒಂದು ಮಾವಿಗೂ ಮತ್ತೊಂದಕ್ಕೂ ನಡುವೆ ಎತ್ತಿನ ಬಂಡಿ ಹಾಯುವಷ್ಟು ಎಡೆ. ತೋಪಿನಾಚೆ ಸೋಯಾ ಹೊಲ. ಇಷ್ಟನ್ನು ಅಂದು ಯೋಚಿಸಿದ್ದರೂ ಸಾಕಾಗಿತ್ತು.

ರೂಪವನ್ನು ಹೇಳುತ್ತೇವೆ. ಮೂತಿಯಿಂದ ಬಾಲದ ಬುಡದವರೆಗೆ ಐವತ್ತೈದರಿಂದ ಅರವತ್ತೈದು ಸೆಂಟಿಮೀಟರು. ಬಾಲವೇ ಮತ್ತೆ ನಲವತ್ತು, ನಲವತ್ತೈದು. ತೂಕ ಎರಡು ಕಿಲೋಗ್ರಾಮಿನ ಆಸುಪಾಸು, ಅಂದರೆ ಮನೆಯ ಬೆಕ್ಕಿಗಿಂತಲೂ ಹಗುರ. ಮೈಬಣ್ಣ ತಲೆಯಿಂದ ಸೊಂಟದವರೆಗೆ ಕಂದುಗೆಂಪು. ಅಲ್ಲಿಂದ ಹಿಂದಕ್ಕೆ ಕಾಲುಗಳೂ ಬಾಲವೂ ಕಪ್ಪಿಗೆ ತಿರುಗುತ್ತವೆ. ಗದ್ದದ ಕೆಳಗಿನಿಂದ ಎದೆಯವರೆಗೆ ಅರಿಸಿನವೋ ಕಿತ್ತಳೆಯೋ ಎಂಬ ಹೊಳೆಯುವ ಹಳದಿ. ಹಸುರು ಕತ್ತಲೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಈ ಹಳದಿಯೇ. ಮೈಮೇಲೆ ಗೆರೆಯಿಲ್ಲ, ಚುಕ್ಕೆಯಿಲ್ಲ, ಮುಖದ ಮೇಲೆ ಮುಸುಕಿಲ್ಲ. ಹಿಮಾಲಯದ ದಾಯಾದಿಗೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆ ಬಹಳ. ಆದರೆ ಇದರ ತಲೆಬುರುಡೆಯ ಹಣೆಯಲ್ಲಿ ಸ್ಪಷ್ಟವಾದ ತಗ್ಗೊಂದಿದೆ. ಆ ತಗ್ಗನ್ನು ನೋಡಿಯೇ ಶಾಸ್ತ್ರಜ್ಞರು ಇದನ್ನು ಬೇರೆ ಜಾತಿಯೆಂದು ಎಣಿಸುವುದು.

ಭಾಲ್ಕಿಯ ಉಪಾಧ್ಯಾಯರು ಬರೆದ ಮೂರು ಕಾರಣಗಳಲ್ಲಿ ಮೊದಲನೆಯದು ಗಂಟಲಿನ ಹಳದಿ, ಎರಡನೆಯದು ಬೆನ್ನಿನ ಗೆರೆ, ಮೂರನೆಯದು ಹೊತ್ತು. ಈ ಮೂರನೆಯದೇ ನಮ್ಮನ್ನು ನಾಚಿಸಿತು, ಏಕೆಂದರೆ ಅದಕ್ಕೆ ಚಿತ್ರವೂ ಬೇಡ. ಮರಬೆಕ್ಕು ರಾತ್ರಿಯ ಪ್ರಾಣಿ, ಮಾರ್ಟೆನ್ ಹಗಲಿನದು. ಬೆಳಗಾದ ಮೇಲೆ ಬೇಟೆಗೆ ಹೊರಟು ಸಂಜೆಗೆ ಅಡಗುತ್ತದೆ. ನಮ್ಮ ಕಾಡುಗಳ ಸಣ್ಣ ಮಾಂಸಾಹಾರಿಗಳಲ್ಲಿ ಮುಂಗುಸಿಯನ್ನು ಬಿಟ್ಟರೆ ಹೀಗೆ ಹಗಲಿನಲ್ಲಿ ತಿರುಗುವವು ಕಡಿಮೆ.

ಅದರ ನಡಿಗೆಯನ್ನು ಕಂಡವರು ವರ್ಣಿಸುವುದು ಹೀಗೆ: ನೆಲಕ್ಕಿಳಿದರೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ನೆಗೆನೆಗೆದು ಹೋಗುತ್ತದೆ; ಮರದ ಮೇಲಾದರೆ ಕೊಂಬೆಯುದ್ದಕ್ಕೂ ನೀರು ಹರಿದಂತೆ ಓಡಿ, ತುದಿಯಿಂದ ಮುಂದಿನ ಮರಕ್ಕೆ ಹಾರುತ್ತದೆ. ಬಾಲವು ತಕ್ಕಡಿಯ ದಂಡಿಗೆಯಂತೆ ತೂಗಿ ಹಿಡಿಯುತ್ತದೆ. ಬಹುತೇಕ ಒಂಟಿಯಾಗಿಯೋ ಜೋಡಿಯಾಗಿಯೋ ಕಾಣುತ್ತದೆ. ನೋಡಿದವನನ್ನು ಅರೆಕ್ಷಣ ತಾನೂ ನೋಡಿ ಮರೆಯಾಗುತ್ತದೆ. ಘಟ್ಟದಲ್ಲಿ ವರ್ಷಾನುಗಟ್ಟಲೆ ದುಡಿದ ಸಂಶೋಧಕರಿಗೂ ಒಂದೆರಡು ಸಲ ಮಾತ್ರ ದರ್ಶನವಾಗುವ ಪ್ರಾಣಿ ಇದು.

ಆಹಾರದ ವಿಷಯದಲ್ಲಿ ಅದಕ್ಕೆ ಮಡಿಮೈಲಿಗೆಯಿಲ್ಲ. ಹಕ್ಕಿ, ಇಲಿ, ಉಡ, ಮರಕ್ಕಂಟಿ ಚೀರುವ ಜೀರುಂಡೆ. ಇವುಗಳ ಮೇಲೆ ಹಣ್ಣು, ಜೇನು. ಕಾಗೆಯನ್ನು ಹಿಡಿದುದನ್ನೂ ಕಂಡಿದ್ದಾರೆ. ತನಗಿಂತ ಭಾರವಾದ ಬರ್ಕವನ್ನು, ಅಂದರೆ ಮೊಲದಷ್ಟು ಗಾತ್ರದ ಕೊಂಬಿಲ್ಲದ ಆ ಪುಟ್ಟ ಗೊರಸಿನ ಪ್ರಾಣಿಯನ್ನು, ಬೇಟೆಯಾಡಿದ ದಾಖಲೆಯೂ ಇದೆ. ಘಟ್ಟದ ಕೆಂಜಳಿಲು, ನಮ್ಮ ಕಡೆಯ ಮೂರುಗೆರೆಯ ಅಳಿಲಿನ ಹತ್ತರಷ್ಟು ದೊಡ್ಡದು, ಇದನ್ನು ಕಂಡರೆ ಗಾಬರಿಯಾಗಿ ಕೂಗಿಕೊಳ್ಳುವುದುಂಟು. ಮರದ ತುದಿಗೆ ಹತ್ತಿದರೆ ಚಿರತೆಯಿಂದ ಬದುಕಬಹುದಾದ ಅಳಿಲಿಗೆ ಮಾರ್ಟೆನಿನಿಂದ ತಪ್ಪಿಸಿಕೊಳ್ಳಲು ತುದಿಯೂ ಸಾಲದು. ಕ್ರೂರ ಮಾಂಸಾಹಾರಿಯೆಂದು ನಾವು ಬರೆದುದು ಅಳಿಲಿನ ದೃಷ್ಟಿಯಿಂದ ಸರಿಯಿರಬಹುದು. ಮನುಷ್ಯನ ಮಗುವಿಗೆ ಅದರಿಂದ ಯಾವ ಭಯವೂ ಇಲ್ಲ.

ಇಂತಹ ಪ್ರಾಣಿಯ ಬಗ್ಗೆ ಬರಹವು ಎಷ್ಟಿದೆಯೆಂದು ನೋಡಹೊರಟರೆ ಆಶ್ಚರ್ಯವಾಗುತ್ತದೆ. ೧೮೫೧ರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ಪಂಡಿತನು ಲಂಡನಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಂಗ್ರಹಾಲಯದ ಸಸ್ತನಿಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಆಮೇಲೆ ನೂರು ವರ್ಷಗಳಲ್ಲಿ ಬಂದುದು ಬೆರಳೆಣಿಕೆಯ ಟಿಪ್ಪಣಿಗಳು. ೧೯೪೪ರಲ್ಲಿ ಹಟನ್ ಎಂಬವರು ಮುಂಬಯಿಯ ಪ್ರಕೃತಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಇದರ ಆಹಾರದ ಬಗ್ಗೆ ಬರೆದ ಒಂದೆರಡು ಪುಟಗಳನ್ನು ಇಂದಿಗೂ ಪ್ರಮಾಣವಾಗಿ ಎತ್ತುತ್ತಾರೆ. ೧೯೯೦ರ ದಶಕದಿಂದ ಎರವಿಕುಳಂ, ಪೆಪ್ಪಾರ, ಸೈಲೆಂಟ್ ವ್ಯಾಲಿ, ಪೆರಿಯಾರ್ ಮೊದಲಾದೆಡೆಗಳಿಂದ ‘ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಮರದ ಮೇಲೆ ಕಂಡೆವು’ ಎಂಬ ಬಗೆಯ ಸಣ್ಣ ವರದಿಗಳು ಕೂಡಿಬಂದವು. ಈಚೆಗೆ ಕಾಡಿನಲ್ಲಿ ಕಟ್ಟಿಟ್ಟ ಸ್ವಯಂಚಾಲಿತ ಛಾಯಾಗ್ರಹಣ ಯಂತ್ರಗಳಿಂದ ಕೆಲವು ಚಿತ್ರಗಳು ದೊರೆತಿವೆ. ಆದರೆ ಆ ಯಂತ್ರಗಳನ್ನು ಹುಲಿಗಾಗಿ ನೆಲದಿಂದ ಮೊಳದೆತ್ತರದಲ್ಲಿ ಕಟ್ಟುತ್ತಾರೆ. ಮಾರ್ಟೆನ್ ಮೇಲಣ ದಾರಿಯಲ್ಲಿ ಹೋಗುತ್ತದೆ. ಹಗಲಿನಲ್ಲಿ ತಿರುಗುವ, ಹೊಳೆಯುವ ಬಣ್ಣದ ಪ್ರಾಣಿಯೊಂದರ ಮರಿಗಳ ಪಾಲನೆಯ ವೃತ್ತಾಂತವೂ ಶಾಸ್ತ್ರಗ್ರಂಥಗಳಲ್ಲಿ ಪೂರ್ಣವಾಗಿ ಬಂದಿಲ್ಲ. ವಿಶ್ವದ ಸಂರಕ್ಷಣಾ ಸಂಘವು ಇದನ್ನು ಅಪಾಯಕ್ಕೊಳಗಾಗಬಲ್ಲ ಜಾತಿಗಳ ಪಟ್ಟಿಯಲ್ಲಿ ಇರಿಸಿದೆ.

ಅನ್ಯದೇಶಗಳಲ್ಲಿ ಈ ಕುಲಕ್ಕೆ ದೊರೆತ ಕೀರ್ತಿಯೇ ಬೇರೆ, ಅದೂ ಬಹುಮಟ್ಟಿಗೆ ತೊಗಲಿನ ಕೀರ್ತಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ರಷ್ಯನರು ಉರಲ್ ಪರ್ವತಗಳನ್ನು ದಾಟಿ ಸೈಬೀರಿಯವನ್ನು ಆಕ್ರಮಿಸಲು ದೊಡ್ಡ ಕಾರಣ ಸೇಬಲ್ ಎಂಬ ಮಾರ್ಟೆನಿನ ತುಪ್ಪಟ. ಗೆದ್ದ ಜನರಿಂದ ಕಂದಾಯವನ್ನು ಆ ತೊಗಲಿನಲ್ಲಿಯೇ ವಸೂಲು ಮಾಡಿದರು. ಕ್ರೊವೇಷಿಯಾ ದೇಶದಲ್ಲಿ ೧೯೯೪ರಿಂದ ೨೦೨೨ರ ಕೊನೆಯವರೆಗೆ ನಡೆದ ನಾಣ್ಯದ ಹೆಸರು ‘ಕುನಾ’. ಅವರ ನುಡಿಯಲ್ಲಿ ಕುನಾ ಎಂದರೆ ಮಾರ್ಟೆನ್. ಮಧ್ಯಯುಗದಲ್ಲಿ ಅಲ್ಲಿಯೂ ತೆರಿಗೆಯನ್ನು ಅದರ ತೊಗಲಿನಿಂದ ತೆರುತ್ತಿದ್ದುದರ ನೆನಪು ಅದು. ಬ್ರಿಟನಿನಲ್ಲಿ ಬೇಟೆಯ ಹಕ್ಕಿಗಳ ಕಾವಲುಗಾರರು ಮಾರ್ಟೆನನ್ನು ಕೊಂದು ಕೊಂದು ಸ್ಕಾಟ್ಲೆಂಡಿನ ಮೂಲೆಗಳಿಗೆ ಒತ್ತಿದ್ದರು. ೨೦೧೫ರಿಂದ ೨೦೧೭ರವರೆಗೆ ಅಲ್ಲಿಂದ ಐವತ್ತಕ್ಕೂ ಮಿಕ್ಕು ಪ್ರಾಣಿಗಳನ್ನು ತಂದು ವೇಲ್ಸಿನ ಕಾಡುಗಳಲ್ಲಿ ಬಿಟ್ಟರು. ಅಲ್ಲಿ ಮತ್ತೊಂದು ಸಂಗತಿಯು ಬೆಳಕಿಗೆ ಬಂದಿತು: ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಮಾರ್ಟೆನ್ ಹೆಚ್ಚಿದ ಕಾಡುಗಳಲ್ಲಿ, ಅಮೆರಿಕದಿಂದ ತಂದುಬಿಟ್ಟು ಪೀಡೆಯಾಗಿದ್ದ ಬೂದು ಅಳಿಲುಗಳು ಇಳಿಮುಖವಾಗಿ, ಆ ನೆಲದ ಕೆಂಪು ಅಳಿಲುಗಳು ಮರಳಿ ತಲೆಯೆತ್ತಿದವು. ಕಳೆದುಕೊಂಡ ಮೇಲೆ ಹಣ ವೆಚ್ಚಮಾಡಿ ಹಿಂದಕ್ಕೆ ತರುವುದು ಸಾಧ್ಯವಾದುದು, ಅದೇ ಜಾತಿಯು ಇನ್ನೊಂದೆಡೆ ಉಳಿದಿದ್ದುದರಿಂದ. ನೀಲಗಿರಿ ಮಾರ್ಟೆನಿಗೆ ಅಂತಹ ಇನ್ನೊಂದೆಡೆ ಇಲ್ಲ.

ನಮ್ಮ ಘಟ್ಟದಲ್ಲಿ ಇದಕ್ಕೆ ಮುಖ್ಯವಾದ ಕಂಟಕವು ತೊಗಲಿನ ವ್ಯಾಪಾರವಲ್ಲ. ಮರದಿಂದ ಮರಕ್ಕೆ ಹೋಗುವ ದಾರಿಯು ತುಂಡಾಗುವುದು. ಅಣೆಕಟ್ಟು, ಚಹದ ತೋಟ, ಅಗಲವಾದ ರಸ್ತೆ, ವಿದ್ಯುತ್ತಿನ ತಂತಿಗಾಗಿ ಕಡಿದ ಪಟ್ಟಿ, ಒಂದೊಂದೂ ಮೇಲಣ ಆ ನೆಲವನ್ನು ಸೀಳುತ್ತದೆ. ಇಲ್ಲಿ ಕೊಡಗಿನವರ ಕಾಫಿಯ ಮಾತನ್ನು ಹೇಳಬೇಕು. ಹಳೆಯ ಪದ್ಧತಿಯ ಕಾಫಿ ತೋಟದಲ್ಲಿ ಕಾಡಿನ ಮರಗಳನ್ನೇ ನೆರಳಿಗೆ ಉಳಿಸಿ, ಬುಡದಲ್ಲಿ ಕಾಫಿ ಬೆಳೆಯುತ್ತಾರೆ. ಕಾಡಿಗೆ ತಾಗಿದ ಇಂತಹ ತೋಟಗಳಲ್ಲಿಯೂ ಮಾರ್ಟೆನ್ ಬಂದುಹೋಗುವುದು ದಾಖಲಾಗಿದೆ. ಆ ಮರಗಳನ್ನು ತೆಗೆದು ಸಾಲಿಗೆ ಸಿಲ್ವರ್ ಓಕ್ ನೆಟ್ಟಲ್ಲಿ ನೆರಳು ಕಾಫಿಗೆ ದೊರೆತೀತು, ಪೊಟರೆಯೂ ಹಣ್ಣೂ ಹೆಣೆದ ಕೊಂಬೆಯೂ ದೊರೆಯವು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಮಿಕ್ಕು ದೇವರಕಾಡುಗಳಿವೆ. ಬ್ರಹ್ಮಗಿರಿಯನ್ನು ೧೯೭೪ರಲ್ಲಿಯೂ, ಪುಷ್ಪಗಿರಿ ತಲಕಾವೇರಿಗಳನ್ನು ೧೯೮೭ರಲ್ಲಿಯೂ ವನ್ಯಧಾಮಗಳೆಂದು ಸಾರಲಾಯಿತು. ೨೦೧೨ರಲ್ಲಿ ಇವು ಮೂರೂ ಪಶ್ಚಿಮ ಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿದವು. ವನ್ಯಧಾಮ, ದೇವರಕಾಡು, ನೆರಳುಳ್ಳ ತೋಟ ಇವು ಒಂದಕ್ಕೊಂದು ತಾಗಿಕೊಂಡಿರುವಷ್ಟು ಕಾಲ ಪ್ರಾಣಿಗೆ ದಾರಿಯುಂಟು. ಇದು ಬೀದರದಲ್ಲಿ ಕುಳಿತ ನಾವು ಕೊಡಗಿನ ಬೆಳೆಗಾರರಿಗೆ ಹೇಳುವ ಉಪದೇಶವಲ್ಲ. ನಮ್ಮ ಹೊಲದ ಬದುವಿನ ಮರಗಳನ್ನು ಟ್ರ್ಯಾಕ್ಟರಿಗೆ ಅಡ್ಡವೆಂದು ನಾವೇ ಕಡಿದೆವಷ್ಟೆ.

ಹೆಸರಿನ ಪ್ರಶ್ನೆಗೆ ಮರಳುತ್ತೇವೆ, ಏಕೆಂದರೆ ನಮ್ಮ ಪ್ರಮಾದದ ಬೇರು ಅಲ್ಲಿಯೇ ಇತ್ತು. ಮಲಯಾಳದಲ್ಲಿ ಎರಡು ಪ್ರಾಣಿಗಳಿಗೆ ಎರಡು ಹೆಸರಿದ್ದರೂ ಎರಡರ ಅರ್ಥವೂ ಮರದ ನಾಯಿಯೇ. ಕನ್ನಡದಲ್ಲಿ ಬರೆಯುವವರು ಒಬ್ಬರು ಮರನಾಯಿ ಎಂದರೆ ಮತ್ತೊಬ್ಬರು ಮರಬೆಕ್ಕು ಎನ್ನುತ್ತಾರೆ, ಮೂರನೆಯವರು ಎರಡನ್ನೂ ಪುನುಗೆಂದು ಬಿಡುತ್ತಾರೆ. ಇದರ ಪರಿಣಾಮವು ಕೇವಲ ನಿಘಂಟಿನ ತೊಡಕಲ್ಲ. ಕೊಡಗಿನ ಕೂಲಿಯೊಬ್ಬನು ತೋಟದಲ್ಲಿ ಹಳದಿಗೊರಳಿನ ಪ್ರಾಣಿಯನ್ನು ಹಾಡುಹಗಲಿನಲ್ಲಿ ಕಂಡು, ಮರಬೆಕ್ಕನ್ನು ಕಂಡೆನೆಂದು ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ. ಮರಬೆಕ್ಕು ಎಲ್ಲೆಲ್ಲಿಯೂ ಇದೆ. ಔರಾದದವನು ಮರಬೆಕ್ಕನ್ನು ಕಂಡು ಮರನಾಯಿ ಎಂದರೆ ನಮ್ಮಂಥವರು ತಲೆಬರಹ ಕಟ್ಟುತ್ತಾರೆ. ಅಲ್ಲಿ ಇರುವುದು ಲೆಕ್ಕಕ್ಕೆ ಬಾರದು, ಇಲ್ಲಿ ಇಲ್ಲದುದು ಲೆಕ್ಕಕ್ಕೆ ಬಂದೀತು. ಕಾಣುವುದೇ ದುರ್ಲಭವಾದ ಪ್ರಾಣಿಯ ನೆಲೆಯನ್ನು ಗುರುತಿಸುವವರಿಗೆ ಒಂದೊಂದು ದರ್ಶನವೂ ಬೆಲೆಯುಳ್ಳದ್ದು. ಆ ಬೆಲೆಯು ಹೀಗೆ ಹೆಸರಿನ ಗೊಂದಲದಲ್ಲಿ ಸೋರಿಹೋಗುತ್ತದೆ.

ಹಾಗಾದರೆ ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು? ನಮ್ಮ ಕಚೇರಿಯಲ್ಲಿ ಈ ಬಗ್ಗೆ ಎರಡು ದಿನ ವಾದ ನಡೆಯಿತು. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವು ನಮ್ಮೊಳಗಿನಿಂದ ಎದ್ದು ‘ಪೀತಕಂಠ’ ಎಂದು ಕೂಗಿತು. ಉಪಸಂಪಾದಕರು ‘ಅರಿಸಿನಗೊರಳ’ ಎಂದರು. ಎರಡೂ ಕಿವಿಗೆ ಇಂಪಾಗಿವೆ. ಆದರೆ ಆ ಪ್ರಾಣಿಯು ಎಂದೂ ಕಾಲಿಡದ ಊರಿನ ಅಚ್ಚುಕೂಟದಲ್ಲಿ ಹುಟ್ಟಿದ ಹೆಸರನ್ನು, ಅದರೊಡನೆ ಒಂದೇ ಕಾಡಿನಲ್ಲಿ ಬಾಳುವ ಜನರ ನಾಲಗೆಯ ಮೇಲೆ ಹೇರುವುದು ಅಧಿಕಪ್ರಸಂಗವೆಂದು ಬಿಟ್ಟುಬಿಟ್ಟೆವು. ಬ್ರಹ್ಮಗಿರಿಯ ಬುಡದ ಯರವರು, ಕುರುಬರು, ಕೊಡವರು, ಪುಷ್ಪಗಿರಿಯ ಪಡುವಣದ ತುಳುವರು, ಇವರ ಬಾಯಲ್ಲಿ ಯಾವ ಹೆಸರು ಹಗಲಿನ ಹಳದಿಗೊರಳಿಗೆ ಮಾತ್ರ ಸಲ್ಲುವುದೋ ಅದೇ ಕನ್ನಡದ ಹೆಸರಾಗಲಿ. ಅಲ್ಲಿಯವರೆಗೆ ಈ ಪತ್ರಿಕೆಯಲ್ಲಿ ‘ನೀಲಗಿರಿ ಮಾರ್ಟೆನ್’ ಎಂದೇ ಅಚ್ಚಾಗುವುದು. ‘ಮರನಾಯಿ’ ಎಂಬ ಪದವನ್ನು ಯಾವ ಪ್ರಾಣಿಗೂ ಬಳಸುವುದಿಲ್ಲ. ಕೊಡಗು, ದಕ್ಷಿಣ ಕನ್ನಡಗಳಲ್ಲಿ ನಮ್ಮ ಕಡೆಯಿಂದ ಹೋಗಿ ಉಪಾಧ್ಯಾಯರಾಗಿಯೂ ಅರಣ್ಯದ ಕೆಲಸದಲ್ಲಿಯೂ ಇರುವ ಬೀದರ ಜಿಲ್ಲೆಯ ತರುಣರು ಅನೇಕರಿದ್ದಾರೆ. ಅವರು ಅಲ್ಲಿಯ ಹಿರಿಯರನ್ನು ಕೇಳಿ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇವೆ.

ಬಾತ್ಮೀದಾರರಿಗೂ ಒಂದು ಕಟ್ಟಳೆಯನ್ನು ಮಾಡಿದ್ದೇವೆ. ಪ್ರಾಣಿಯ ವರ್ತಮಾನವನ್ನು ಕಳುಹಿಸುವವರು ಕಂಡ ಹೊತ್ತು, ಸ್ಥಳ, ಮರದ ಮೇಲೋ ನೆಲದ ಮೇಲೋ, ಗಂಟಲಿನ ಬಣ್ಣ, ಬೆನ್ನಿನ ಮೇಲೆ ಗೆರೆಯುಂಟೋ ಇಲ್ಲವೋ, ಬಾಲದ ಉದ್ದ, ಇವಿಷ್ಟನ್ನೂ ಬರೆಯಬೇಕು; ಹೆಸರನ್ನು ಕೊನೆಗೆ ಬರೆಯಬೇಕು. ‘ಕ್ರೂರ’, ‘ಭಯಂಕರ’, ‘ಎಚ್ಚರ’ ಎಂಬ ಮಾತುಗಳನ್ನು ಕಚೇರಿಯಲ್ಲಿ ಯಾರೂ ಸೇರಿಸಕೂಡದು, ಸಂಪಾದಕರೂ ಸಹ. ಭಾಲ್ಕಿಯ ಉಪಾಧ್ಯಾಯರು ಇಂತಹ ವರ್ತಮಾನಗಳನ್ನು ಅಚ್ಚಿಗೆ ಮುನ್ನ ಒಮ್ಮೆ ನೋಡಿಕೊಡಲು ಒಪ್ಪಿದ್ದಾರೆ. ತಮ್ಮ ಹೆಸರನ್ನು ಮಾತ್ರ ಹಾಕಬಾರದೆಂದು ಕೇಳಿಕೊಂಡಿದ್ದಾರೆ.

ಕೋಲು ಹಿಡಿದಿದ್ದ ಹುಡುಗರಲ್ಲಿ ಇಬ್ಬರು ಅವರ ತರಗತಿಯವರೇ. ಅವರನ್ನು ಗದರಿಸದೆ ಒಂದು ರಾತ್ರಿ ವಾಡೆಯ ಅಂಗಳದಲ್ಲಿ ಕೂರಿಸಿ, ಅಟ್ಟದಿಂದ ಇನ್ನೊಂದು ಮರಬೆಕ್ಕು ಎರಡು ಮರಿಗಳೊಡನೆ ಬೇವಿನ ಮರಕ್ಕೆ ದಾಟುವುದನ್ನು ಉಪಾಧ್ಯಾಯರು ತೋರಿಸಿದರಂತೆ. ಮೊನ್ನೆ ಔರಾದದ ನಮ್ಮ ಬಾತ್ಮೀದಾರರಿಂದಲೂ ಒಂದು ವರ್ತಮಾನ ಬಂದಿದೆ: ರಾತ್ರಿ ಒಂಬತ್ತೂವರೆ ಗಂಟೆ, ಅದೇ ಮಾವಿನ ತೋಪು, ಕೊಂಬೆಯ ಮೇಲೆ, ಗಂಟಲು ಬೂದು, ಬೆನ್ನಿನ ಮೇಲೆ ಮೂರು ಗೆರೆ, ಬಾಲವು ಮೈಯಷ್ಟೇ ಉದ್ದ, ಮರಬೆಕ್ಕು. ಇಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ಅದು ನಾಲ್ಕು ಸಾಲುಗಳಲ್ಲಿ ಅಚ್ಚಾಗಿದೆ.